ಟಿಎಂಸಿ ಪಂಡಿತನ ನಾಲ್ಕಿಂಚು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ನೀರು ಕಮ್ಮಿ, ನೀರಿನ ಮಾತು ಜಾಸ್ತಿ. ಆ ಮಾತಿನಲ್ಲಿ ದೊಡ್ಡದೊಂದು ಪಾಲು ನನ್ನದು. ಪತ್ರಿಕೆಯೊಂದಕ್ಕೆ ಈ ಸೀಮೆಯ ಸುದ್ದಿ ಬರೆದು ಬರೆದೇ ತಲೆ ನರೆಸಿಕೊಂಡವನು ನಾನು. ಹೇಮಾವತಿ ಕಳ್ಳಂಬೆಳ್ಳ ಕೆರೆ ದಾಟಿ ಸಿರಾ ಕೆರೆಗೆ ಬಂದಾಗ ಬರೆದೆ. ಮದಲೂರು ಕೆರೆಗೆ ಯಾಕೆ ಬರಲಿಲ್ಲ ಅಂತ ಬರೆದೆ. ಬಂದ ಮೇಲೆ, ಇಷ್ಟೇನಾ ಅಂತ ಬರೆದೆ. ಬೈರಗೊಂಡ್ಲು ಜಲಾಶಯ ಆಗುತ್ತದೆ ಅಂತಲೂ ಆಗುವುದಿಲ್ಲ ಅಂತಲೂ ಒಂದೇ ಕೈಯಲ್ಲಿ ಬರೆದೆ. ಎತ್ತಿನಹೊಳೆಯ 24.01 ಟಿಎಂಸಿಯನ್ನು ಎಷ್ಟು ಸಲ ಬರೆದಿದ್ದೇನೆಂದರೆ ಅಷ್ಟೂ ನೀರು ಹರಿದದ್ದು ನನ್ನ ಪೆನ್ನಿನಲ್ಲಿ ಮಾತ್ರ. ಆ ‘ಪಾಯಿಂಟ್ ಸೊನ್ನೆ ಒಂದು’ ಇದೆಯಲ್ಲ, ಅದೊಂದೇ 28 ಕೋಟಿ ಲೀಟರ್. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್ ಅಂತ ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಯಾರೂ ಎಬ್ಬಿಸದೆಯೂ ಹೇಳಿದ್ದುಂಟು ಅಂತ ಹೆಂಡತಿ ಹೇಳುತ್ತಾಳೆ.

ಇಂಥವನು ನಿವೃತ್ತನಾಗಿ ಊರಿಗೆ ಬಂದು ಅರಳಿಕಟ್ಟೆ ಮೇಲೆ ಕೂತರೆ ಜನ ಏನು ತಿಳಿಯಬೇಕು? ನೀರಿನ ವಿಷಯದಲ್ಲಿ ಇವನನ್ನು ಮೀರಿಸಿದವರಿಲ್ಲ ಅಂತ ತಿಳಿದರು. ನಾನೂ ಅಲ್ಲ ಅನ್ನಲಿಲ್ಲ.

ನಮ್ಮೂರಿರುವುದು ಮಧುಗಿರಿ ತಾಲ್ಲೂಕಿನಲ್ಲಿ, ಕೊರಟಗೆರೆ ಗಡಿಗೆ ಅಂಟಿಕೊಂಡು. ಊರ ಹಿಂದೆ ಒಂದು ಗುಡ್ಡ. ಮಧುಗಿರಿಯ ಏಕಶಿಲಾ ಬೆಟ್ಟ ಕಂಡವರು ಅದನ್ನು ಗುಡ್ಡ ಅನ್ನಲಿಕ್ಕೂ ಯೋಚಿಸುತ್ತಾರೆ. ಆದರೂ ಅದರ ನೆತ್ತಿಯ ಮೇಲೆ ನೀರಿನ ಟ್ಯಾಂಕ್ ಇದೆ. ಬೋರ್‌ವೆಲ್ ನೀರು ಮೋಟಾರಿನಲ್ಲಿ ಅಲ್ಲಿಗೆ ಹತ್ತಿ, ತನ್ನ ಭಾರಕ್ಕೆ ತಾನೇ ಇಳಿದು ಊರಿಗೆ ಬರುತ್ತದೆ. ಮೇಲಿನ ಅರ್ಧ ದಾರಿ ಹೊಲಗಳ ಬದುವಿನಲ್ಲಿ ಹಳೆಯ ಪಿವಿಸಿ ಪೈಪು, ನಮ್ಮ ಕಡೆಯ ಮಾತಿನಲ್ಲಿ ‘ಆರು ಕೆಜಿ’ ಒತ್ತಡದ ಪೈಪು. ಕೆಳಗಿನ ಅರ್ಧ, ‘ಮನೆ ಮನೆಗೆ ಗಂಗೆ’ ಬಂದಾಗ ಹೂತ ದಪ್ಪನೆಯ ಕರಿ ಪೈಪು. 2019ರ ಆಗಸ್ಟ್ 15ರಂದು ದೆಹಲಿಯಲ್ಲಿ ಸಾರಿದ ಜಲಜೀವನ ಮಿಷನ್ ನಮ್ಮಲ್ಲಿ ಪಡೆದ ಹೆಸರು ಅದು. ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ ಮನೆ ಮುಂದೆ ನಲ್ಲಿ ಬಂತು. ಆದರೆ ಊರ ಬಾಗಿಲ ಚೇಂಬರಿನಲ್ಲಿದ್ದ ಗೇಟ್ ವಾಲ್ವ್ ಮಾತ್ರ ಹಳೆಯದೇ ಉಳಿಯಿತು.

ಅದಕ್ಕೆ ವಯಸ್ಸಾಗಿತ್ತು. ಗೇಟ್ ವಾಲ್ವಿನೊಳಗೆ ಒಂದು ಬಾಗಿಲು ಮೇಲಿನಿಂದ ಇಳಿದು ತಳದ ತೋಡಿನಲ್ಲಿ ಕೂರಬೇಕು. ನಮ್ಮ ಬೋರ್‌ವೆಲ್ ನೀರಿನ ಜೊತೆಗೆ ಮರಳನ್ನೂ ಧಾರಾಳವಾಗಿ ಕೊಡುವುದರಿಂದ ಆ ತೋಡು ತುಂಬಿ, ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು. ಎಷ್ಟು ತಿರುಗಿಸಿದರೂ ನೀರು ಪೂರ್ತಿ ನಿಲ್ಲದು. ಇರುಳೆಲ್ಲ ಕೆಳಗಲ ಕೇರಿಯ ನಲ್ಲಿಗಳು ತೊಟ್ಟಿಕ್ಕುತ್ತಿದ್ದವು. ಪಂಚಾಯ್ತಿ ಮೆಂಬರು ನಮ್ಮ ಮನೆಗೆ ಬಂದು ಕಾಫಿ ಕುಡಿದು, ‘ಸಾರ್, ಹೊಸ ವಾಲ್ವ್ ಹಾಕಿಸೋಣ. ಯಾವುದು ಅಂತ ನೀವೇ ಹೇಳಿಬಿಡಿ’ ಅಂದರು.

ನನ್ನ ಬಾಯಲ್ಲಿ ಬಂದದ್ದು ‘ಬಟರ್‌ಫ್ಲೈ ವಾಲ್ವ್’ ಅಂತ.

ಯಾಕೆ ಬಂತು ಅಂದರೆ, ಯಾವುದೋ ಪಂಪ್‌ಹೌಸಿನ ಉದ್ಘಾಟನೆಯಲ್ಲಿ ಮಂತ್ರಿಗಳು ಬಟನ್ ಒತ್ತುವಾಗ ನಾನು ಅಂಥದ್ದೊಂದಕ್ಕೆ ಒರಗಿ ನಿಂತು ನೋಟ್ಸ್ ಬರೆದುಕೊಂಡಿದ್ದೆ. ಪೈಪಿನ ನಡುವೆ ಒಂದು ದುಂಡನೆ ತಟ್ಟೆ. ಅದರ ನಟ್ಟನಡುವೆ ಒಂದು ಸರಳು. ಸರಳನ್ನು ಕಾಲು ಸುತ್ತು ತಿರುಗಿಸಿದರೆ ತಟ್ಟೆ ನೀರಿಗೆ ಅಡ್ಡವಾಗುತ್ತದೆ, ಹಿಂದಕ್ಕೆ ತಿರುಗಿಸಿದರೆ ನೀರಿನ ಹಾದಿಯ ಉದ್ದಕ್ಕೇ ನಿಲ್ಲುತ್ತದೆ. ತೋಡು ಇಲ್ಲ, ಮರಳು ಕೂರುವ ಸಂದಿಯಿಲ್ಲ, ಗೇಟ್ ವಾಲ್ವಿನಷ್ಟು ಭಾರವಿಲ್ಲ, ದುಡ್ಡೂ ಕಮ್ಮಿ. ಇಷ್ಟನ್ನು ನಾನು ಕಟ್ಟೆಯ ಮೇಲೆ ಕೂತು, ನಾನೇ ಕಂಡುಹಿಡಿದವನ ಹಾಗೆ, ವಿವರಿಸಿದೆ.

ನೀರಗಂಟಿ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಳ್ಳುತ್ತಿದ್ದ. ಅವನ ತಾತ ಊರ ಕೆರೆಯ ತೂಬು ಎತ್ತುತ್ತಿದ್ದವನು. ಈ ಸೀಮೆಯ ಮರಳು ನೆಲದಲ್ಲಿ ತಾನೇ ಉಕ್ಕುವ ತಲಪರಿಗೆಗಳ ನೀರನ್ನು ಗದ್ದೆಗದ್ದೆಗೆ ಪಾಲು ಹಾಕುತ್ತಿದ್ದ ವಂಶ ಅದು. ಇವನು ಬಾಯಿ ಬಿಟ್ಟರೆ ಪ್ರಶ್ನೆ ಮಾತ್ರ.

‘ಎಷ್ಟು ಸುತ್ತು ಸಾ?’

‘ಕಾಲು ಸುತ್ತು.’

‘ಕಾಲು ಸುತ್ತಿಗೇ ನಿಂತೋಯ್ತದಾ ನೀರು?’

‘ಕಣ್ಣು ಮುಚ್ಚಿ ಬಿಡೋದ್ರೊಳಗೆ.’

‘ಅಷ್ಟು ಜಲ್ದಿ ಯಾಕೆ ನಿಲ್ಲಬೇಕು ಸಾ?’

ಕಟ್ಟೆಯವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಹೊಸ ತಂತ್ರಜ್ಞಾನ ಬಂದಾಗ ಹಳಬರಿಗೆ ಆಗುವ ಗಾಬರಿಯ ಬಗ್ಗೆ ನಾಲ್ಕು ಮಾತಾಡಿದೆ. ಆತ ಎಲೆ ಮಡಿಚಿ ಬಾಯಿಗಿಟ್ಟುಕೊಂಡ.

ಅವತ್ತಿನಿಂದ ನನ್ನ ಸಂಶೋಧನೆ ಶುರು. ಯಾವ್ಯಾವುದೋ ಕಂಪನಿಗಳ ಕ್ಯಾಟಲಾಗ್ ಇಳಿಸಿಕೊಂಡು ಮಧುಗಿರಿಯಲ್ಲಿ ಪ್ರಿಂಟ್ ತೆಗೆಸಿದೆ. ಬಟರ್‌ಫ್ಲೈ ವಾಲ್ವಿಗೆ ಐಎಸ್ 13095 ಅಂತ ಭಾರತೀಯ ಮಾನಕವೇ ಇದೆ ಅಂತ ತಿಳಿದ ದಿನ ನಾನು ಅದನ್ನು ಅಡುಗೆಮನೆಗೆ ಹೋಗಿ ಘೋಷಿಸಿದೆ. ವಾಲ್ವಿನ ಹೊಟ್ಟೆಯೊಳಗೆ ತಟ್ಟೆ ಒತ್ತಿ ಕೂರುವ ಬಳೆಗೆ ‘ಸೀಟು’ ಅನ್ನುತ್ತಾರೆ. ಅದರಲ್ಲಿ ಇಪಿಡಿಎಂ, ನೈಟ್ರೈಲ್, ವೈಟಾನ್, ಟೆಫ್ಲಾನ್ ಅಂತ ಜಾತಿಗಳು. ಯಾವ ದ್ರವಕ್ಕೆ ಯಾವ ಸೀಟು ಅಂತ ಕ್ಯಾಟಲಾಗಿನ ಹಿಂಬದಿಯಲ್ಲಿ ಉದ್ದನೆ ಪಟ್ಟಿ: ಗಂಧಕಾಮ್ಲ, ಡೀಸೆಲ್, ಬಿಯರ್, ಕಬ್ಬಿನ ಕಾಕಂಬಿ, ಸಮುದ್ರದ ನೀರು. ಓದುತ್ತಾ ಓದುತ್ತಾ ನನಗೆ ಎಲ್ಲದರ ಮೇಲೂ ಭಯ ಹತ್ತಿತು. ಟೆಫ್ಲಾನೇ ಹಾಕಿಸಿಬಿಡುವುದು ಕ್ಷೇಮ, ಅದು ಎಂಥ ಆಸಿಡ್ಡಿಗೂ ಜಗ್ಗುವುದಿಲ್ಲ ಅಂದೆ.

‘ರೀ, ನಮ್ಮೂರ ನಲ್ಲೀಲಿ ಆಸಿಡ್ ಯಾವಾಗ ಬಿಡ್ತಾರೆ? ಬಟ್ಟೆ ನೆನೆಹಾಕ್ಬೇಕು’ ಅಂದಳು ಹೆಂಡತಿ.

ಇನ್ನು ಅಳತೆ. ಟಿಎಂಸಿಯಲ್ಲಿ ಮಾತಾಡಿ ಅಭ್ಯಾಸವಾದವನಿಗೆ ಇಂಚು ಸ್ವಲ್ಪ ಸಣ್ಣದೇ ಅನ್ನಿಸುತ್ತದೆ. ಆದರೂ ಬಿಡಲಿಲ್ಲ. ಚೇಂಬರಿಗಿಳಿದು ಕರಿ ಪೈಪಿಗೆ ದಾರ ಸುತ್ತಿ, ದಾರವನ್ನು ಅಳೆದು, ಪೈಯಿಂದ ಭಾಗಿಸಿದೆ. 110 ಮಿಲಿಮೀಟರ್ ಬಂತು. ಅಂದರೆ ನಾಲ್ಕೂಕಾಲು ಇಂಚಿಗಿಂತ ಒಂದು ಕೂದಲು ಹೆಚ್ಚು. ನಾಲ್ಕು ಸಾಲದು, ಐದಿಂಚಿನದು ಬೇಕು ಅಂತ ತೀರ್ಮಾನಿಸಿ ಮಧುಗಿರಿ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ.

ಅಂಗಡಿ ಹುಡುಗ ಲೆಕ್ಕ ಪೂರ್ತಿ ಕೇಳಿ, ‘110 ಪೈಪಿಗೆ ನಾಲ್ಕಿಂಚು ಅಂತಾರೆ ಸಾರ್’ ಅಂದ.

‘ನಾಲ್ಕೂಕಾಲು ಇದೆಯಲ್ಲಯ್ಯಾ?’

‘ಇರಬೋದು. ನಾಲ್ಕಿಂಚು ಅಂತಾರೆ.’

ಕರಿ ಪೈಪನ್ನು ಹೊರಮೈಯಿಂದ ಅಳೆದು ಕರೆಯುತ್ತಾರೆ, ವಾಲ್ವಿನ ಹೆಸರು ಒಳಗಿನ ಹಾದಿಯದ್ದು. ಈ ಒಂದು ಮಾತನ್ನು ಅವತ್ತೇ ಗಂಟು ಹಾಕಿಕೊಂಡಿದ್ದರೆ ಮುಂದಿನ ಕತೆಯೇ ಇರುತ್ತಿರಲಿಲ್ಲ. ಆದರೆ ನನ್ನ ಕಿವಿಗೆ ಬಿದ್ದದ್ದು ನಾಲ್ಕಿಂಚು ಅನ್ನುವುದು ಮಾತ್ರ, ಮನಸ್ಸಿಗೆ ಬಿದ್ದದ್ದು ಐದರ ದುಡ್ಡು ಉಳಿಯಿತು ಅನ್ನುವುದು. ಅವನಲ್ಲಿ ಬಟರ್‌ಫ್ಲೈ ಇರಲಿಲ್ಲ. ಕೊರಟಗೆರೆಯಲ್ಲಿ ಅಡಿಕೆ ತೋಟದ ಡ್ರಿಪ್ ಸಾಮಾನು ಬೇಕಾದಷ್ಟಿತ್ತು, ಇದು ಇರಲಿಲ್ಲ. ಗೊರವನಹಳ್ಳಿ ಲಕ್ಷ್ಮಿಗೆ ಕೈಮುಗಿದು ಬಂದದ್ದಷ್ಟೇ ಆ ಕಡೆಯ ಲಾಭ.

ಸಿರಾದಲ್ಲಿ ಹೆದ್ದಾರಿ ಕಡೆಗೆ ಒಬ್ಬ ಭಾಯ್ ಅವರ ವರ್ಕ್‌ಶಾಪ್ ಇದೆ. ಬೋರ್‌ವೆಲ್ ಕೇಸಿಂಗ್, ಟ್ಯಾಂಕರಿನ ಬಾಯಿ, ಪಂಪಿನ ಫ್ಲೇಂಜ್, ಏನು ಕೊಟ್ಟರೂ ಕೈ ಆಡಿಸುತ್ತಾರೆ. ಅವರು ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿ, ಒಂದೊಂದೇ ಕೇಳಿದರು.

‘ಟ್ಯಾಂಕು ಎಷ್ಟು ಎತ್ತರ ಸಾರ್?’

‘ನಲವತ್ತು ಮೀಟರ್ ಇದ್ದೀತು.’

‘ಅಂದ್ರೆ ನಾಲ್ಕು ಕೆಜಿ. ಪಿಎನ್ 10 ಸಾಕು. ನೂರು ಮೀಟರ್ ನೀರು ತಡೀತದೆ. ವೇಫರ್ರಾ, ಲಗ್ಗಾ?’

ಎರಡು ಫ್ಲೇಂಜಿನ ನಡುವೆ ಸಿಕ್ಕಿಸಿ ಉದ್ದ ಬೋಲ್ಟಿನಲ್ಲಿ ಬಿಗಿಯುವುದು ವೇಫರ್. ಬೋಲ್ಟು ಬಿಚ್ಚಿದರೆ ಎರಡೂ ಕಡೆ ಕಳಚಿಕೊಳ್ಳುತ್ತದೆ. ಲಗ್ ಅಂದರೆ ವಾಲ್ವಿನ ಮೈಗೇ ತಿರುಪಿನ ಮರೆ ಇರುವ ಕಿವಿಗಳು. ಒಂದು ಕಡೆಯ ಪೈಪ್ ಬಿಚ್ಚಿದರೂ ಇನ್ನೊಂದು ಕಡೆಯ ನೀರು ತಡೆದು ನಿಲ್ಲುತ್ತದೆ, ದುಡ್ಡು ಸ್ವಲ್ಪ ಜಾಸ್ತಿ. ನಾನು ವೇಫರ್ ಅಂದೆ.

‘ಗೇರ್ ಹಾಕಿಸ್ಕೊಳ್ಳಿ ಸಾರ್. ಎಂಟಿಂಚಿನಿಂದ ಮೇಲಕ್ಕೆ ಗೇರು ಬೇಕೇ ಬೇಕು. ನಾಲ್ಕಕ್ಕೆ ಕೈಯಲ್ಲಿ ತಿರುಗಿಸೋ ಕೈಪಿಡಿ ಸಾಕು ಅಂತಾರೆ. ಆದ್ರೂ ಗುಡ್ಡದ ನೀರು ನಿಮ್ದು.’

‘ನಾಲ್ಕಿಂಚಿಗೆ ಗೇರಾ? ದುಡ್ಡು ದಂಡ’ ಅಂದೆ.

‘ಪೈಪಿನ ಒಳಗಿನ ಅಳತೆ?’

‘110.’

‘ಅದು ಹೊರಗಿಂದು. ಒಳಗೆ ಕೈ ಹಾಕಿ ನೋಡಿದ್ರಾ?’

ಇಷ್ಟು ವರ್ಷದ ವೃತ್ತಿಯಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಉತ್ತರಕ್ಕೆ ಬದಲು ಎತ್ತಿನಹೊಳೆ ಯೋಜನೆಯ ವೆಚ್ಚ 23,251 ಕೋಟಿಗೆ ಏರಿದ ಇತಿಹಾಸ ಹೇಳಿದೆ. ಭಾಯ್ ಗೌರವದಿಂದ ಕೇಳಿ, ಲೋಟ ತೆಗೆದಿಟ್ಟು ವೆಲ್ಡಿಂಗಿಗೆ ಎದ್ದರು. ಬೆಂಗಳೂರಿನ ಎಸ್‌ಜೆಪಿ ರೋಡಿನಲ್ಲಿ ಖಂಡಿತ ಸಿಗುತ್ತದೆ, ಬರುವ ವಾರ ತಾನೇ ತರುತ್ತೇನೆ ಅಂದರು. ನನಗೆ ಒಂದು ವಾರ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಡೆಡ್‌ಲೈನಿನಲ್ಲಿ ಬೆಂದವನು.

ಅಣ್ಣನ ಮಗ ಪಾವಗಡದಲ್ಲಿ ಒಂದು ಅಂಗಡಿ ಪತ್ತೆ ಮಾಡಿದ. ತಿರುಮಣಿ ಸುತ್ತ ಸೋಲಾರ್ ಪಾರ್ಕ್ ಬಂದ ಮೇಲೆ ಆ ಊರಲ್ಲಿ ಸಿಗದ ಕಬ್ಬಿಣವಿಲ್ಲ. 13,000 ಎಕರೆಯಲ್ಲಿ 2,050 ಮೆಗಾವಾಟಿನ ಗಾಜಿನ ಬೆಳೆ. ಮಳೆ ಬಾರದ್ದಕ್ಕೆ ಶಾಪ ಹಾಕುತ್ತಿದ್ದ ಬಿಸಿಲಿಗೇ ಬಾಡಿಗೆ ಬರುವಂತೆ ಮಾಡಿದ ಊರು ಅದು. ನಾನು ಹೋದದ್ದು ಶನಿವಾರ. ಪಾವಗಡಕ್ಕೆ ಶನಿವಾರ ಹೋಗಿ ಶನಿಮಹಾತ್ಮನ ದರ್ಶನ ಮಾಡದೆ ಬರಲಾದೀತೇ? ಸಾಲಿನಲ್ಲಿ ನಿಂತು, ಎಳ್ಳೆಣ್ಣೆ ದೀಪ ಹಚ್ಚಿ, ಆಮೇಲೆ ಅಂಗಡಿಗೆ ಹೋದೆ.

‘ರಂಡಿ ಸಾರ್, ಕೂರ್ಚೋಂಡಿ’ ಅಂತ ತೆಲುಗಿನಲ್ಲಿ ಶುರು ಮಾಡಿದ ಅಂಗಡಿಯವರು ಕನ್ನಡದಲ್ಲಿ ಮುಗಿಸಿದರು: ‘ಸೀಟು ಯಾವುದು ಕೊಡ್ಲಿ?’

ಇಲ್ಲಿ ನನ್ನ ಪಾಂಡಿತ್ಯ ಕಟ್ಟೆಯೊಡೆಯಿತು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ನಮ್ಮ ಬೋರ್‌ವೆಲ್ಲಿನಲ್ಲೂ ಇದ್ದೀತು. ವೈಟಾನ್ ಅನ್ನುವುದು ಫ್ಲೋರಿನ್ ಸೇರಿದ ರಬ್ಬರ್. ಆದ್ದರಿಂದ ಫ್ಲೋರೈಡಿಗೆ ವೈಟಾನೇ ಮದ್ದು, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂತ ವಾದ ಹೂಡಿದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮ್ ಮೀರದಿರಲಿ, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ತಡೆದುಕೊಳ್ಳಬಹುದು ಅಂತ ಮಾನಕ ಹೇಳುತ್ತದೆ.

‘ಸಾರ್, ಅದಕ್ಕೆ ಹೆದರ್ಬೇಕಾದ್ದು ನಿಮ್ಮ ಹಲ್ಲು. ರಬ್ಬರ್ ಹೆದರಲ್ಲ. ನೀರಿಗೆ ಇಪಿಡಿಎಂ. ಎಣ್ಣೆ ಬಿಡೋದಾದ್ರೆ ಮಾತ್ರ ಅದು ಬೇಡ, ಊದ್ಕೊಳ್ತದೆ. 120 ಡಿಗ್ರಿ ಶಾಖ ತಡೀತದೆ, ಪಾವಗಡದ ಏಪ್ರಿಲಿಗೂ ಸಾಕು.’

ಬೀಡು ಕಬ್ಬಿಣದ ಮೈ, ಸ್ಟೀಲ್ ತಟ್ಟೆ, ಇಪಿಡಿಎಂ ಸೀಟು, ಹತ್ತು ಹಲ್ಲಿನ ಪಟ್ಟಿಯ ಮೇಲೆ ಕಚ್ಚಿಕೊಂಡು ಕೂರುವ ಕೈಪಿಡಿ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೈಪಿಡಿಯನ್ನು ಆ ಕಡೆ ಈ ಕಡೆ ಆಡಿಸುತ್ತಾ ಮಧುಗಿರಿ ತಲುಪಿದೆ. ಕೈಯಲ್ಲಿ ಎಷ್ಟು ಸಲೀಸಾಗಿ ತಿರುಗುತ್ತಿತ್ತು ಅಂತೀರಿ! ತಟ್ಟೆ ತಿರುಗಿದಾಗಲೆಲ್ಲ ಅದರ ಅಂಚು ವಾಲ್ವಿನ ಎರಡು ಕಡೆಗೂ ಇಷ್ಟಿಷ್ಟು ಹೊರಗೆ ಬಂದು ನನ್ನ ಪಂಚೆ ಕಚ್ಚುತ್ತಿತ್ತು. ಅದನ್ನೂ ಗಮನಿಸಿದೆ. ಪಂಚೆ ಬಿಡಿಸಿಕೊಂಡೆ, ಅಷ್ಟೇ.

ಮನೆ ಬಾಗಿಲಲ್ಲಿ ದೊಡ್ಡಮ್ಮ ಕೂತಿದ್ದರು. ‘ಏನೋ ಅದು?’

‘ವಾಲ್ವು ದೊಡ್ಡಮ್ಮ. ಪಾವಗಡದಿಂದ ತಂದೆ.’

‘ಕಬ್ಬಿಣವಾ?’

‘ಬೀಡು.’

‘ಇವತ್ತು ಯಾವ ವಾರ?’

ನಾನು ಉತ್ತರ ಹೇಳಲಿಲ್ಲ. ದೊಡ್ಡಮ್ಮನೇ ಬೀದಿಗೆ ಕೇಳುವ ಹಾಗೆ ಹೇಳಿದರು: ‘ಶನಿವಾರ ಕಬ್ಬಿಣ ಹೊತ್ಕೊಂಡು ಬಂದವ್ನೆ. ಅದೂ ಪಾವಗಡದಿಂದ. ಆ ಮಹಾತ್ಮನ ಬಾಗಿಲಿಂದಲೇ!’

ಎಂಟು ಬೋಲ್ಟು ಬಿಗಿಯಲು ಸಿರಾದಿಂದ ಜನ ಕರೆಸಬೇಕೇ ಅಂತ ಕೆಲಸವನ್ನು ಅಣ್ಣನ ಮಗನಿಗೆ ವಹಿಸಿದೆ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ, ಕಂಪ್ಯೂಟರಿನದು. ನಾನು ದಂಡೆಯ ಮೇಲೆ ಕ್ಯಾಟಲಾಗ್ ಹಿಡಿದು ನಿಂತು ಓದಿ ಹೇಳಿದೆ: ತಟ್ಟೆ ಒಂದು ಹಲ್ಲು ತೆರೆದಿರಲಿ, ರಬ್ಬರ್ ಸೀಟೇ ಪ್ಯಾಕಿಂಗ್ ಆಗುವುದರಿಂದ ಬೇರೆ ಪ್ಯಾಕಿಂಗ್ ಬೇಡ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿ. ಎಲ್ಲ ಸರಿಯಾಗಿಯೇ ನಡೆಯಿತು. ಕುಂಕುಮ ಹಚ್ಚಿ, ಕಾಯಿ ಒಡೆದು, ಮೆಂಬರು ಕೈಪಿಡಿ ಎಳೆದರು. ಒಂದು ಹಲ್ಲು, ಎರಡು, ಮೂರು. ಟಕ್.

‘ಮುಂದಕ್ಕೆ ಹೋಗ್ತಿಲ್ಲ ಸಾರ್.’

‘ಹೊಸದು, ಬಿಗಿ ಇರುತ್ತೆ. ನೀರು ಬಂತಲ್ಲ’ ಅಂದೆ.

ನೀರು ಬಂತು, ಕೆಳಗಲ ಕೇರಿಗೆ. ಮೇಗಲ ಕೇರಿಯ ನಲ್ಲಿಗಳು ಬುಸ್ ಅಂದು ಸುಮ್ಮನಾದವು. ಪೈಪು ತುಂಬಿ ಬರದಿದ್ದರೆ ತಗ್ಗಿನ ಮನೆಗಳು ಇದ್ದಷ್ಟನ್ನೂ ಹೀರಿಕೊಳ್ಳುತ್ತವೆ, ದಿಬ್ಬದವರಿಗೆ ಗಾಳಿ. ನನ್ನ ಮನೆ ಕೆಳಗಲ ಕೇರಿಯಲ್ಲಿ, ತೀರ ತಗ್ಗಿನಲ್ಲಿ. ಬೇರೆ ಸಾಕ್ಷಿ ಏನು ಬೇಕು? ಮಾರನೆಯ ಬೆಳಿಗ್ಗೆ ಮೇಗಲ ಕೇರಿಯ ಹೆಂಗಸರು ಖಾಲಿ ಕೊಡ ಹೊತ್ತು ನಮ್ಮ ಮನೆ ಮುಂದೆ ಬಂದರು. ಖಾಲಿ ಕೊಡಗಳ ಪ್ರತಿಭಟನೆಯ ಎಷ್ಟೋ ಫೋಟೋ ಹಾಕಿಸಿದವನು ನಾನು. ಕೊಡಗಳ ಈ ಬದಿಯಲ್ಲಿ ನಿಂತದ್ದು ಅದೇ ಮೊದಲು.

‘ಅಣ್ಣೋ, ಇದನ್ನ ಪೇಪರಿಗೆ ಬರೀರಿ. ಯಾರೋ ಒಬ್ಬ ತನ್ನ ಮನೆಗೆ ಮಾತ್ರ ನೀರು ತಿರುಗಿಸ್ಕೊಂಡವ್ನಂತೆ’ ಅಂದಳೊಬ್ಬಳು. ಅಭ್ಯಾಸಬಲ, ತಲೆಬರಹ ಆಗಲೇ ಹೊಳೆದುಬಿಟ್ಟಿತ್ತು.

ಗಾಬರಿಯಲ್ಲಿ ಅಣ್ಣನ ಮಗ ಕೈಪಿಡಿಗೆ ಎರಡಡಿ ಕಬ್ಬಿಣದ ಕೊಳವೆ ಸಿಕ್ಕಿಸಿ ಜಗ್ಗಿದ. ತಟ್ಟೆ ಅಲ್ಲಾಡಲಿಲ್ಲ, ಕೈಪಿಡಿ ಬಾಗಿತು. ‘ಚಿಕ್ಕಪ್ಪ, ಇದು ಹಾರ್ಡ್‌ವೇರ್ ಪ್ರಾಬ್ಲಮ್’ ಅಂದ. ನಾನು ಸಿರಾಕ್ಕೆ ಫೋನ್ ಹಚ್ಚಿದೆ.

ಬಿಚ್ಚಬೇಕಾದರೆ ಗುಡ್ಡದ ಟ್ಯಾಂಕು ಖಾಲಿಯಾಗಬೇಕಿತ್ತು. ಮೇಲಿನ ವಾಲ್ವು ತುಕ್ಕು ಹಿಡಿದು ಎಂದೋ ಕಲ್ಲಾಗಿತ್ತು. ಊರಿನ ಡ್ರಮ್ಮು, ಕೊಡ, ಬಾನಿ, ಬಚ್ಚಲ ಹಂಡೆ ಎಲ್ಲ ತುಂಬಿದ ಮೇಲೆ ಭಾಯ್ ಚೇಂಬರಿಗಿಳಿದರು. ಫ್ಲೇಂಜಿನ ಬೋಲ್ಟು ಬಿಚ್ಚಿ, ಕರಿ ಪೈಪಿನ ಬಾಯಿಗೆ ಬೆಸೆದ ಕಾಲರಿನೊಳಗೆ ಕೈ ಹಾಕಿ, ಒಳಗೋಡೆಯನ್ನು ಹೆಬ್ಬೆರಳಿನಿಂದ ಸವರಿದರು. ಅಲ್ಲಿ ಹೊಸ ಗೀಚು ಗೆರೆ, ಅರ್ಧಚಂದ್ರಾಕಾರದ್ದು. ‘ಇಲ್ಲಿ ಕಚ್ಚಿದೆ ಸಾರ್, ನೋಡಿ’ ಅಂದರು. ಪೈಪಿನ ಗೋಡೆಯೇ 10 ಮಿಲಿಮೀಟರ್ ದಪ್ಪ. ಹೊರಗೆ 110, ಎರಡು ಗೋಡೆ ಕಳೆದರೆ ಒಳಗೆ 90. ಕಾಲರ್ ಇನ್ನೂ ಒಂಚೂರು ದಪ್ಪ, ಅಲ್ಲಿ ಉಳಿದದ್ದು 88.

ಅವರು ಚೇಂಬರಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ತಟ್ಟೆ 104 ಮಿಲಿಮೀಟರ್, ವಾಲ್ವಿನ ದಪ್ಪ 52. ತಟ್ಟೆ 30 ಡಿಗ್ರಿ ತಿರುಗಿದ ಕೂಡಲೇ ಅದರ ಅಂಚು ವಾಲ್ವಿನ ಮೈಯಿಂದ ಹೊರಗೆ ಮುಖ ಹಾಕುತ್ತದೆ. ಆ ಕ್ಷಣಕ್ಕೆ ಅದಕ್ಕೆ 90 ಮಿಲಿಮೀಟರ್ ಅಗಲದ ಬಾಗಿಲು ಬೇಕು. ನಮ್ಮ ಬಾಗಿಲು 88. ಹತ್ತು ಹಲ್ಲಿನ ಪಟ್ಟಿಯಲ್ಲಿ 30 ಡಿಗ್ರಿ ಅಂದರೆ ಮೂರನೆಯ ಹಲ್ಲು. ಸೈನ್ 30 ಅಂದರೆ ಅರ್ಧ ಅಂತ ಹತ್ತನೆಯ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ನೂರಕ್ಕೆ ತೊಂಬತ್ತು ತೆಗೆದವನು ಮೇಲೆ ನಿಂತು ‘ಹೌದಲ್ಲ’ ಅಂದೆ. ಸಾವಿರ ಮಿಲಿಯನ್ ಘನ ಅಡಿ ಬಲ್ಲವನನ್ನು ಎರಡು ಮಿಲಿಮೀಟರ್ ಹಿಡಿದು ನಿಲ್ಲಿಸಿತ್ತು.

ಪರಿಹಾರಕ್ಕೆ ಭಾಯ್ ಬಡಗಿಯ ಉಳಿ ತೆಗೆದರು. ಕಾಲರಿನ ಒಳ ಅಂಚನ್ನು ಸುತ್ತಲೂ ಇಳಿಜಾರಾಗಿ ಕೆತ್ತತೊಡಗಿದರು. ಕರಿ ಪ್ಲಾಸ್ಟಿಕ್ಕು ಸುರುಳಿ ಸುರುಳಿಯಾಗಿ ಎದ್ದು ಅವರ ಮೊಣಕೈಗೆ ಅಂಟುತ್ತಿತ್ತು. ಸುತ್ತು ಮುಗಿದ ಮೇಲೆ ಅರದಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಹೆಬ್ಬೆರಳು. ಎರಡೂ ಕಡೆ ಹಾಗೆಯೇ. ವಾಲ್ವ್ ಕೂರಿಸಿ, ಬೋಲ್ಟು ಬಿಗಿಯುವ ಮುಂಚೆಯೇ ಕೈಪಿಡಿ ಆಡಿಸಿ ನೋಡಿದರು. ಅದು ಕೊನೆಯ ಹಲ್ಲಿನವರೆಗೂ ಸದ್ದಿಲ್ಲದೆ ಹೋಯಿತು.

ಟ್ಯಾಂಕು ತುಂಬಿ, ನೀರು ಬಿಟ್ಟಾಗ ಮೇಗಲ ಕೇರಿಯ ನಲ್ಲಿಗಳಿಂದ ಬಕೆಟ್ ಮಗುಚುವಷ್ಟು ರಭಸ. ಬೈದ ಹೆಂಗಸರೇ ನನಗೆ ಮಜ್ಜಿಗೆ ಕೊಟ್ಟರು. ಇಷ್ಟಕ್ಕೆ ನಾನು ಮನೆಗೆ ಹೋಗಬೇಕಿತ್ತು. ಮೆಂಬರು, ‘ಸಾರ್, ಮೊದಲನೇ ಸಲ ನಿಲ್ಸೋದು ನಿಮ್ಮ ಕೈಯಿಂದಲೇ ಆಗ್ಲಿ’ ಅಂದರು. ಅಣ್ಣನ ಮಗ ಫೋನಿನ ಕ್ಯಾಮೆರಾ ತೆರೆದ.

‘ಸಾ, ಮೆಲ್ಲಗೆ’ ಅಂದ ನೀರಗಂಟಿ.

ವಿಡಿಯೊದಲ್ಲಿ ಮೆಲ್ಲಗೆ ಚೆನ್ನಾಗಿ ಕಾಣುವುದಿಲ್ಲ. ‘ನೋಡಿ, ಕಣ್ಣು ಮುಚ್ಚಿ ಬಿಡೋದ್ರೊಳಗೆ’ ಅಂತ ಕ್ಯಾಮೆರಾಕ್ಕೆ ಹೇಳಿ, ಹಲ್ಲು ಬಿಡಿಸಿ, ಕೈಪಿಡಿಯನ್ನು ಒಂದೇ ಏಟಿಗೆ ತಂದು ಮುಚ್ಚಿದೆ.

ಅರ್ಧ ಕಿಲೋಮೀಟರ್ ಪೈಪಿನೊಳಗೆ ಮೂರು ಟನ್ನಿಗೂ ಮೀರಿದ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಗುಡ್ಡದಿಂದ ಇಳಿದು ಬರುತ್ತಿತ್ತು. ಅದಕ್ಕೆ ಯಾರೂ ಮೊದಲೇ ತಿಳಿಸಿರಲಿಲ್ಲ. ನಿಲ್ಲಲೇಬೇಕಾಗಿ ಬಂದ ನೀರು ತನ್ನ ಓಟವನ್ನೆಲ್ಲ ಒತ್ತಡ ಮಾಡಿ ಪೈಪಿನ ಗೋಡೆಗೆ ಒದೆಯುತ್ತದೆ, ಆ ಒದೆತ ಅಲೆಯಾಗಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. 1897-98ರಲ್ಲೇ ಮಾಸ್ಕೋದ ನೀರಿನ ಕೊಳವೆಗಳಲ್ಲಿ ನಿಕೊಲಾಯ್ ಝುಕೋವ್‌ಸ್ಕಿ ಇದನ್ನು ಅಳೆದು ಸೂತ್ರ ಕೊಟ್ಟಿದ್ದಾರೆ. ಆಮೇಲೆ ಓದಿಕೊಂಡೆ. ಪಿವಿಸಿ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ಓಟ ಥಟ್ಟನೆ ನಿಂತರೆ ಹೆಚ್ಚುಕಡಿಮೆ ನಲವತ್ತು ಮೀಟರ್ ನೀರಿನಷ್ಟು ಒತ್ತಡ ಏರುತ್ತದೆ. ಒಂದೂವರೆಗೆ ಅರವತ್ತು. ಗುಡ್ಡದ ನಲವತ್ತು ಮೊದಲೇ ಇದೆ. ಕೂಡಿದರೆ ಹತ್ತು ಕೆಜಿ. ಪೈಪು ಆರು ಕೆಜಿ.

ಕಾಲ ಕೆಳಗಿನ ನೆಲ ಒಮ್ಮೆ ಜುಮ್ ಅಂದಿತು. ಗುಡ್ಡದ ಬುಡದಿಂದ ‘ಢಬ್’ ಅಂತ ಸದ್ದು. ಎಲ್ಲರೂ ತಿರುಗಿದರೆ, ಕಡಲೆಕಾಯಿ ಹೊಲದ ಬದುವಿನಿಂದ ತೆಂಗಿನ ಮರದೆತ್ತರ ನೀರು! ಕ್ಯಾಮೆರಾ ಆ ಕಡೆ ತಿರುಗಿತು. ಊರಿನ ಮೊಬೈಲುಗಳಲ್ಲಿ ಇವತ್ತಿಗೂ ಓಡಾಡುವುದು ಆ ಭಾಗ ಮಾತ್ರ. ಅದರ ಹಿನ್ನೆಲೆಯಲ್ಲಿ ದೊಡ್ಡಮ್ಮನ ದನಿ ಸ್ಪಷ್ಟವಾಗಿ ಕೇಳುತ್ತದೆ: ‘ಶನಿವಾರ ಅಂತ ಬಡ್ಕೊಂಡೆ!’

ಭಾಯ್ ಏನೂ ಅನ್ನಲಿಲ್ಲ. ‘ಗೇರ್’ ಅಂತ ಒಂದೇ ಮಾತು ಹೇಳಿ ಬೈಕ್ ಹತ್ತಿದರು. ಗೇರ್ ಇದ್ದಿದ್ದರೆ ಚಕ್ರವನ್ನು ಹತ್ತಾರು ಸಲ ಸುತ್ತಬೇಕಾಗಿ, ಎಷ್ಟು ಅವಸರದವನಾದರೂ ನಿಧಾನ ಕಲಿಯುತ್ತಿದ್ದ. ಹಾಳಾದ ಹಳೆಯ ಗೇಟ್ ವಾಲ್ವು ಇಷ್ಟು ದಿನ ಮಾಡುತ್ತಿದ್ದದ್ದೂ ಅದೇ ಉಪಕಾರ. ಪಂಚಾಯ್ತಿಯಲ್ಲಿ ಇನ್ನು ದುಡ್ಡಿಲ್ಲ ಅಂದರು ಮೆಂಬರು. ಪೈಪಿಗೆ ತುಂಡು ಕೂಡಿಸಿದ ಮೇಲೆ ವಾಲ್ವಿನ ಉಸ್ತುವಾರಿ ನೀರಗಂಟಿಯ ಪಾಲಿಗೆ ಬಂತು. ಈಗ ಅವನು ನೀರು ನಿಲ್ಲಿಸುವ ಕ್ರಮ ಹೀಗೆ: ಒಂದು ಹಲ್ಲು ಮುಚ್ಚಿ ಅಡಿಕೆ ಕತ್ತರಿಸುತ್ತಾನೆ, ಇನ್ನೊಂದು ಹಲ್ಲಿಗೆ ಎಲೆಯ ತೊಟ್ಟು ಮುರಿಯುತ್ತಾನೆ, ಇನ್ನೊಂದಕ್ಕೆ ಸುಣ್ಣ, ಇನ್ನೊಂದಕ್ಕೆ ಮಡಿಕೆ. ಎಲೆ ಬಾಯಿಗೆ ಹೋಗುವ ಹೊತ್ತಿಗೆ ವಾಲ್ವು ಮುಚ್ಚಿರುತ್ತದೆ. ಆಮೇಲೆ ಒಂದು ಪೈಪೂ ಒಡೆದಿಲ್ಲ. ಅವನಿಲ್ಲದಾಗ ಯಾರೂ ಮುಟ್ಟಬಾರದೆಂದು ಕೈಪಿಡಿಗೆ ಸರಪಳಿ, ಬೀಗ. ಯಾರೂ ಅಂದರೆ ಯಾರು ಅಂತ ಊರಿಗೆಲ್ಲ ಗೊತ್ತು.

ಕಡಲೆಕಾಯಿ ಹೊಲ ನನಗೆ ದೂರದ ವರಸೆಯಲ್ಲಿ ಮಾವ ಆಗಬೇಕಾದವರದು. ಅವರ ಕಣ್ಣಿಗೆ ಬೀಳದಂತೆ ಬಹಳ ದಿನ ಸುತ್ತು ಹಾದಿಯಲ್ಲಿ ಓಡಾಡಿದೆ. ಒಂದು ಸಂಜೆ ಕಟ್ಟೆಯ ಹತ್ತಿರ ಸಿಕ್ಕೇ ಬಿಟ್ಟರು. ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು:

‘ಅಳಿಮಯ್ಯ, ಮಳೆ ಕೈಕೊಟ್ಟೈತೆ. ಹೇಮಾವತಿ ಬರ್ಲಿಲ್ಲ, ಎತ್ತಿನಹೊಳೆ ಬರ್ಲಿಲ್ಲ, ನೀನೊಬ್ಬ ಬಂದೆ. ಬೀಗದ ಕೈ ನಾನು ಹೆಂಗಾದ್ರೂ ತರ್ತೀನಿ. ಈಗ ಕಾಯಿ ಕಟ್ಟೋ ಟೈಮು, ಇನ್ನೊಂದ್ಸಲ ಮುಚ್ತೀಯಾ?’